ಕುಂಬಳದ ಮೇಲಿನ ಗೀರು

ನವೆಂಬರ್ ೮, ಭಾನುವಾರ

ಪ್ರೀತಿಯ ಅತ್ತೆ,

ಸಿಟ್ಟು ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಹಲೋ ಅನ್ನುವಷ್ಟರಲ್ಲಿ ನಿಮ್ಮ ಮಗಳ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲವಲ್ಲ!

ಇವತ್ತು ಹಿತ್ತಲಿನ ಕೊಯ್ಲು. ನಿಮ್ಮ ಮಗ ಗುದ್ದಲಿ ಹಿಡಿದು ಬಂದವರು ಮೊದಲ ಏಟಿಗೇ ಒಂದು ಗೆಣಸನ್ನು ಎರಡು ಮಾಡಿದರು. ಅವರನ್ನು ಒಳಗೆ ಓಡಿಸಿ, ನೀವು ಕಲಿಸಿದಂತೆ ಬುಡದಿಂದ ದೂರ ಅಗೆದು, ಕೈಯಿಂದಲೇ ಮಣ್ಣು ಬಿಡಿಸಿದೆ. ಮೂಲಂಗಿ ಚೆನ್ನಾಗಿ ಬಂದಿದೆ. ಬದನೆಗೆ ಹುಳು ಬಿದ್ದು ಅರ್ಧ ಹೋಯಿತು.

ನಾನು ಮದುವೆಯಾಗಿ ಬಂದ ವರ್ಷ ನೆನಪಿದೆಯೇ? ನಿಮ್ಮನ್ನು ಮೆಚ್ಚಿಸಲು ಹೊರಟು, ಬೆರಳಿನಷ್ಟೂ ದಪ್ಪವಾಗದ ಮೂಲಂಗಿಯನ್ನೆಲ್ಲ ಕಿತ್ತು ರಾಶಿ ಹಾಕಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದಿರಿ. ಅಂದಿನಿಂದ ನನಗೆ ಗಡಿಬಿಡಿ ಎಂಬ ಹೆಸರೇ ಅಂಟಿಕೊಂಡಿತು. ಬೈದ ಮೇಲೆ ಅದೇ ಎಳೆ ಮೂಲಂಗಿಯನ್ನು ಸೊಪ್ಪಿನ ಸಮೇತ ಹುರಿದು ಮೊದಲು ನನ್ನ ತಟ್ಟೆಗೇ ಬಡಿಸಿದಿರಿ. ಆ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಪ್ರತಿ ವರ್ಷ ಎಳೆಗುಂಬಳದ ಸಿಪ್ಪೆಯ ಮೇಲೆ ನೀವು ಮೊಳೆಯಿಂದ ಹೆಸರು ಗೀರುತ್ತಿದ್ದಿರಿ. ಕಾಯಿ ಬೆಳೆದಂತೆ ಅಕ್ಷರವೂ ಬೆಳೆಯುತ್ತಿತ್ತು. ಮಗನದು, ಮಗಳದು, ಮೊಮ್ಮಗಳದು, ಕೊನೆಗೆ ಬೆಕ್ಕಿನದೂ ಇರುತ್ತಿತ್ತು. ನನ್ನದು ಮಾತ್ರ ಇಲ್ಲ. ಬಾಯಿಬಿಟ್ಟು ಕೇಳಲು ಸ್ವಾಭಿಮಾನ ಬಿಡಲಿಲ್ಲ. ನೀವು ಸ್ನಾನಕ್ಕೆ ಹೋದಾಗ ಒಂದೊಂದೇ ಕಾಯಿ ಹೊರಳಿಸಿ ಹುಡುಕುತ್ತಿದ್ದೆ.

ಈ ಸಲವೂ ಹುಡುಕಿದ್ದೆ, ನಾವು ಜಗಳವಾಡಿದ ದಿನವೇ. ಇರಲಿಲ್ಲ. ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸೋಣವೆಂದು ನಿಮ್ಮ ಮಗ ಚೀಲಗಳನ್ನು ತಂದಿಟ್ಟಿದ್ದರು. ನೀವು ಬೇಡವೆಂದಿರಿ. ಈ ಮನೆಯಲ್ಲಿ ಒಂದು ಸಲವಾದರೂ ನನ್ನ ಮಾತು ನಡೆಯಲಿ, ಹಾಕಿಸಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದೆ. ಮಣ್ಣೇ ಇಲ್ಲದ ಮನೆಯಲ್ಲಿ ನನಗೇನು ಕೆಲಸ ಎಂದು ನೀವು ಮರುದಿನ ಬೆಳಗ್ಗೆ ಮಗಳ ಊರಿನ ಬಸ್ಸು ಹತ್ತಿದಿರಿ.

ಇವತ್ತು ಬೇಲಿಯ ಮೂಲೆಯಲ್ಲಿ, ಎಲೆಗಳ ಅಡಿಯಲ್ಲಿದ್ದ ಕುಂಬಳವನ್ನು ಹೊರಳಿಸಿದರೆ, ಗಡಿಬಿಡಿ ಎಂದಿದೆ. ನೀವು ಗೀರಿದಾಗ ತೆಂಗಿನಕಾಯಿಯಷ್ಟು ಇದ್ದಿರಬೇಕು, ಈಗ ನನ್ನ ಎರಡು ತೋಳಿನೊಳಗೂ ಹಿಡಿಸುವುದಿಲ್ಲ. ಹಾಗಾದರೆ ಬಸ್ಸಿಗೆ ಹೊರಡುವ ಮುನ್ನ, ಅಷ್ಟು ಸಿಟ್ಟಿನಲ್ಲಿಯೂ, ಹಿತ್ತಲಿಗೆ ಹೋಗಿದ್ದಿರಾ? ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ.

ಅದೊಂದನ್ನು ಕೊಯ್ದಿಲ್ಲ. ಬಳ್ಳಿ ಒಣಗುತ್ತಿದೆ, ಹೆಚ್ಚು ದಿನ ತಾಳದು. ನೀವೇ ಬಂದು ಕೊಯ್ಯಬೇಕು. ನೀವಿಲ್ಲದ ಮನೆ ನನಗೆ ಬೇಡ ಅತ್ತೆ.

ನಿಮ್ಮ ಸೊಸೆ,
ಗಡಿಬಿಡಿ

ಹೇಳಲು ಮರೆತೆ: ಹಿತ್ತಲು ಹಾಗೆಯೇ ಇದೆ. ನೀವು ಹೋದ ದಿನದ ಮಳೆಗೆ ಸಿಮೆಂಟು ಚೀಲಗಳೆಲ್ಲ ನೆನೆದು ಕಲ್ಲಾದವು. ಮೇಲೆ ಹೊದಿಸಿದ್ದ ತಾಡಪಾಲು ಯಾರು ತೆಗೆದರು ಎಂದು ನಿಮ್ಮ ಮಗ ಇಂದಿಗೂ ಕೇಳುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪ್ರತಿ ಸಲವೂ ನಾನೇ ಮೊದಲು ಎದ್ದು ಅಡುಗೆಮನೆಗೆ ಹೋಗುತ್ತೇನೆ. ನೀವು ಬಾಯಿಬಿಡಬೇಡಿ.