ಉನಾಳ ಕಾರು ಕೊಟ್ಟಿಗೆ ಸೇರಿದ ಬಗ್ಗೆ, ವಿಮಾ ದರದ ಅಧಿಕಾರಿಗಳಿಗೆ

ಮಾನ್ಯರೇ,

ವಾಹನ ವಿಮೆಯ ದರದಲ್ಲಿ ಇನ್ನು ಗಂಡು-ಹೆಣ್ಣೆಂಬ ಭೇದವಿಲ್ಲವೆಂದು ತಾವು ಅಪ್ಪಣೆ ಕೊಡಿಸಿದ ವರ್ಷವೇ ನನ್ನ ಮೊಮ್ಮಗಳು ಉನಾ ಕಾರು ಓಡಿಸುವುದನ್ನು ಬಿಟ್ಟಳು. ಸಮಾನತೆಗೆ ನನ್ನ ಅಭಿನಂದನೆಗಳು.

ನಾನು ಸಮಾನತೆಯ ವಿರೋಧಿಯೆಂದು ದಯವಿಟ್ಟು ಷರಾ ಬರೆಯಬೇಡಿ. ಮದುವೆಯಾದ ತಪ್ಪಿಗೆ ಅಂಚೆ ಕಚೇರಿಯ ಕೆಲಸ ಬಿಡಬೇಕಾಗಿದ್ದ ಕಾಲದವಳು ನಾನು. ಆಗ ಐರ್ಲೆಂಡಿನ ಯಾವ ಅಧಿಕಾರಿಗೂ ಈ ಪದ ನೆನಪಾಗಲಿಲ್ಲ. ಇಷ್ಟು ವರ್ಷ ಕಾಯಿಸಿ ಅದು ನಮ್ಮ ಲೀಟ್ರಿಮ್ ಗುಡ್ಡ ಹತ್ತಿ ಬಂತು. ಬಂದದ್ದೇ ಹುಡುಗಿಯ ಪರ್ಸಿಗೆ ಕೈ ಹಾಕಿತು.

ಉನಾ, ಫಿಂಟನ್ ಅವಳಿಗಳು. ಫಿಂಟನ್ ಎರಡು ಸಲ ಕಾರನ್ನು ಜೌಗಿಗೆ ಇಳಿಸಿದವನು. ಪಕ್ಕದವರು ಟ್ರ್ಯಾಕ್ಟರ್ ತಂದು ಎಳೆದರು, ಚಹಾ ಕುಡಿದು ಹೋದರು. ನಮ್ಮ ಕಡೆ ಇಂಥದ್ದನ್ನು ವಿಮಾ ಕಂಪನಿಗೆ ಹೇಳುವ ಪದ್ಧತಿಯಿಲ್ಲ. ಉನಾ ಆದರೋ ರಸ್ತೆಯಲ್ಲಿ ಕುರಿ ಕಂಡರೆ ಕಾರು ನಿಲ್ಲಿಸಿ, ಅದು ಮನಸ್ಸು ಮಾಡುವವರೆಗೆ ಕಾಯುವವಳು. ಹೆಣ್ಣುಮಕ್ಕಳಿಗೆ ಮೊದಲಿದ್ದ ಕಡಿಮೆ ದರವನ್ನು ತಮ್ಮ ನಿಯಮ ತೆಗೆದ ಮೇಲೆ ಅವನ ದರ ಒಂದಿಷ್ಟು ಇಳಿಯಿತು, ಅವಳದು ಕೈಗೆಟುಕದಂತೆ ಅಟ್ಟ ಹತ್ತಿತು.

"ನಾನು ಕೆಸರಿಗೆ ಬೀಳ್ತೀನಿ, ಅವಳು ದುಡ್ಡು ಕಟ್ತಾಳೆ. ಅವಳಿ ಅಂದ್ರೆ ಇದೇ ಅಲ್ವಾ ಅಜ್ಜಿ?" ಎಂದು ಫಿಂಟನ್ ಬಾಯ್ತುಂಬ ಆಲೂಗಡ್ಡೆ ಇಟ್ಟುಕೊಂಡೇ ನಕ್ಕ.

"ನಗು ಕಣೋ, ನಗು. ನಾಳೆ ಪೀಡರ್ ತಾತನ್ನ ಹಾಸಿಗೆಯಿಂದ ಎಬ್ಬಿಸೋಕೆ ನೀನು ಹೋಗ್ತೀಯಾ?" ಎಂದಳು ಉನಾ. ಅವಳ ಕಣ್ಣು ತುಂಬಿತ್ತು. ಗುಡ್ಡದ ಮೇಲಿನ ಪೀಡರ್‌ನಂಥ ಮುದುಕರ ಮನೆಗಳಿಗೆ ಹೋಗಿ ಮೀಯಿಸಿ, ಉಣ್ಣಿಸಿ ಬರುವುದು ಅವಳ ಕೆಲಸ. ಅಲ್ಲಿಗೆ ಬಸ್ಸಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಕೇಳಿದ್ದೆ. ಬರೆ ಎಳೆದ ಮೇಲೆ ಎತ್ತಿಗೆ ಒಂದು ಹಿಡಿ ಹುಲ್ಲು ಹೆಚ್ಚಿಗೆ ಹಾಕುವುದನ್ನು ತಮ್ಮ ಕಾಲದಲ್ಲಿ ಕಂಡೆ. ಗಂಡೋ ಹೆಣ್ಣೋ ಎಂದು ಕೇಳಬೇಡಿ, ಒಪ್ಪಿದೆ. ಆದರೆ ಹೇಗೆ ಓಡಿಸುತ್ತಾರೆಂದು ಕೇಳಲು ತಮಗೆ ಅಡ್ಡ ಬಂದವರಾರು?

ಈಗ ಉನಾಳ ಕಾರಿನಲ್ಲಿ ಕೋಳಿಗಳು ಮಲಗುತ್ತವೆ. ದಿನಾ ಬೆಳಿಗ್ಗೆ ಕಲ್ಲುಗಣಿಗೆ ಹೊರಟ ಫಿಂಟನ್ನೇ ಅವಳನ್ನು ಬಿಟ್ಟುಬರುತ್ತಾನೆ. ಜೋಪಾನವಾಗಿ ಓಡಿಸುವವಳು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಾಳೆ. ಜೌಗಿಗೆ ಇಳಿಸುವವನ ಕೈಯಲ್ಲಿ ಸ್ಟಿಯರಿಂಗ್. ಪ್ರಯಾಣಿಕರನ್ನು ಕಾಯುವ ಸಂತ ಕ್ರಿಸ್ಟೋಫರನ ಪದಕವನ್ನು ಅವಳ ಕಾರಿನಿಂದ ಬಿಚ್ಚಿ ಅವನ ಕಾರಿಗೆ ಕಟ್ಟಿದ್ದೇನೆ. ಆದರೂ ನನಗೆ ಭಯವಾಗುತ್ತದೆ, ಸ್ವಾಮಿ.

ಓಡಿಸುವ ರೀತಿ ನೋಡಿ ದರ ಕಟ್ಟುವಂತೆ ಕಂಪನಿಗಳಿಗೆ ಆಜ್ಞೆ ಮಾಡಿ. ಆಗದಿದ್ದರೆ ಒಂದು ಬೆಳಿಗ್ಗೆ ಬಂದು ಫಿಂಟನ್ ಜೊತೆ ಗುಡ್ಡ ಹತ್ತಿ. ಹಿಂದಿನ ಸೀಟು ಖಾಲಿ ಇದೆ. ಅಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಭಯ.

ಇಂತಿ,
ಇಬ್ಬರೂ ಮನೆಗೆ ಮರಳುವವರೆಗೆ ಬಾಗಿಲು ಬಿಟ್ಟು ಕದಲದ ಅಜ್ಜಿ,
ಅಟ್ರಾಕ್ಟಾ ಫೀನಿ