ನಾಗಾರ್ಜುನ ಔಟಾಗುವುದಿಲ್ಲ

ಕೃಷ್ಣಮೂರ್ತಿಪುರಂ, ಮೈಸೂರು
೧೨ ಡಿಸೆಂಬರ್ ೧೯೯೮

ಪ್ರೀತಿಯ ತಮ್ಮ ಸಿದ್ದಲಿಂಗಸ್ವಾಮಿಗೆ ಅಕ್ಕನ ಆಶೀರ್ವಾದಗಳು.

ಬೀದರಿನ ಚಳಿ ನಿನ್ನ ಎದೆಗೆ ಒಗ್ಗುವುದಿಲ್ಲ, ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯಾ? ಅಕ್ಷತಾಳ ಸೊಂಟನೋವು ಹೇಗಿದೆ? ನಿಮಗೆ ವರ್ಗವಾದಾಗ ಓದು ಕೆಡಬಾರದೆಂದು ನನ್ನ ಬಳಿ ಬಿಟ್ಟುಹೋದ ನಿಮ್ಮ ಮಗ ನಾಗಾರ್ಜುನ ಆರೋಗ್ಯವಾಗಿದ್ದಾನೆ. ಸುಖವಾಗಿದ್ದಾನೆಂದು ಮಾತ್ರ ಬರೆಯಲಾರೆ.

ದಸರಾ ರಜೆಗೆ ಬಂದಾಗ ಗೇಟಿನ ಹತ್ತಿರ ಹುಡುಗರು ‘ಲೋ ಕಡ್ಡಿ, ಬಾರೋ ಬೇಗ’ ಎಂದು ಕೂಗಿದ್ದು ನಿನ್ನ ಕಿವಿಗೆ ಬಿತ್ತು. ನನ್ನ ಮಗನನ್ನು ಹೀಗೆ ಹಂಗಿಸುವುದೇ ಎಂದು ಸಿಟ್ಟಾಗಿ ನೀನು ಹಿಂದಿನ ಬೀದಿಯ ಚೂಡಾಮಣಿಯ ಮನೆಗೆ ಹೋದೆ. ಆಕೆಯ ಮಗ ಬಸವರಾಜುವಿನಿಂದ, ತಾಯಿಯ ಎದುರೇ ಕ್ಷಮೆ ಕೇಳಿಸಿದೆ. ನಾನು ಬೇಡವೆಂದರೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಇದೇ ಬೀದಿಯಲ್ಲಿ ನಿನ್ನನ್ನು ‘ಗೊಣ್ಣೆ’ ಎನ್ನುತ್ತಿದ್ದರು. ಆ ಕೂಗು ಕೇಳಿದರೆ ನೀನು ತಟ್ಟೆಯ ಅನ್ನ ಬಿಟ್ಟು ಬರಿಗಾಲಲ್ಲಿ ಓಡುತ್ತಿದ್ದೆ. ಅಪ್ಪ ಯಾರ ಮನೆಗೂ ಹೋಗಲಿಲ್ಲ. ಓದಿದವರಿಗೆಲ್ಲ ಈಗ ಮಕ್ಕಳ ಮರ್ಯಾದೆ ಕಾಯುವ ಹುಚ್ಚು ಹಿಡಿದಿದೆ. ಅದು ಯಾರ ಮರ್ಯಾದೆ ಎಂದು ಒಬ್ಬರೂ ಯೋಚಿಸುವುದಿಲ್ಲ.

ಆಮೇಲಿನದು ನಿನಗೆ ಗೊತ್ತಿಲ್ಲ. ಯಾರೂ ನಾಗಾರ್ಜುನನನ್ನು ಹೊಡೆಯಲಿಲ್ಲ, ಆಟದಿಂದ ಹೊರಗೂ ಹಾಕಲಿಲ್ಲ. ಗೇಟಿನ ಹತ್ತಿರ ಬಂದು ಕೂಗುವುದನ್ನು ಮಾತ್ರ ಬಿಟ್ಟರು. ಅವನಾಗಿಯೇ ಹೋದರೆ ‘ಬಾ ನಾಗಾರ್ಜುನ’ ಎಂದು, ತರಗತಿಯಲ್ಲಿ ಹಾಜರಿ ಕೂಗುವ ಹಾಗೆ, ಪೂರ್ತಿ ಹೆಸರು ಹಿಡಿದು ಕರೆಯುತ್ತಾರೆ. ಕೇಳಿದ ಕೂಡಲೇ ಬ್ಯಾಟು ಕೊಡುತ್ತಾರೆ. ಮೊನ್ನೆ ಹಾಲು ತರಲು ಹೋದವಳು ಖಾಲಿ ಸೈಟಿನ ಬಳಿ ನಿಂತು ನೋಡಿದೆ. ಮೆಲ್ಲಗೆ ಎಸೆದ ಚೆಂಡು ಅವನನ್ನು ದಾಟಿ ವಿಕೆಟ್ಟಾಗಿ ಇಟ್ಟಿದ್ದ ಡಬ್ಬಕ್ಕೆ ಬಡಿದು ಅದನ್ನು ಉರುಳಿಸಿತು. ಒಬ್ಬನೂ ಔಟ್ ಎನ್ನಲಿಲ್ಲ. ಒಬ್ಬ ಬಂದು ಡಬ್ಬವನ್ನು ನೆಟ್ಟಗೆ ನಿಲ್ಲಿಸಿದ, ಇನ್ನೊಬ್ಬ ಚೆಂಡು ತಂದ. ‘ಔಟಾದೆ ಕಣ್ರೋ’ ಎಂದು ನಿನ್ನ ಮಗನೇ ಹೇಳಿದ. ‘ಪರ್ವಾಗಿಲ್ಲ, ಆಡು’ ಎಂದರು. ಅವನು ಬ್ಯಾಟನ್ನು ನೆಲದ ಮೇಲಿಟ್ಟು ಮನೆಗೆ ಬಂದುಬಿಟ್ಟ.

ನನಗೆ ತಡೆಯಲಾಗದೆ ಬಸವರಾಜುವನ್ನು ಕೇಳಿದೆ. ಅವನು ಕುಚೋದ್ಯ ಮಾಡುತ್ತಿರಲಿಲ್ಲ, ಹೆದರಿದ್ದ. ‘ಔಟ್ ಅಂದ್ರೆ ಅವ್ರಪ್ಪ ಮನೆಗ್ ಬಂದ್ಬುಡ್ತಾರೆ ಆಂಟಿ. ನಮ್ಗ್ಯಾಕೆ ಬುಡಿ’ ಎಂದ. ನಲ್ಲಿ ನೀರು ಬರದಿದ್ದರೆ ಪತ್ರಿಕೆಗೆ ಬರೆಯುತ್ತೇನೆ. ಇದನ್ನು ಯಾರಿಗೆ ಬರೆಯಲಿ? ನಿನಗೇ ಬರೆದೆ.

ಅಕ್ಷತಾಳಿಗೂ ಪುಟ್ಟ ಮಗಳು ಲಾಸ್ಯಳಿಗೂ ನನ್ನ ಪ್ರೀತಿ. ಔಷಧಿ ತಪ್ಪಿಸಬೇಡ.

ನಿನ್ನ ಅಕ್ಕ,
ಪ್ರೇಮಲೀಲಾ

ಮ.ಬ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಸಂಕ್ರಾಂತಿಗೆ ನೀನು ಬರುತ್ತೀಯೆಂದು ನಾಗಾರ್ಜುನನಿಗೆ ಹೇಳಿದೆ. ‘ಅಪ್ಪ ಬರೋದು ಬೇಡ ಅತ್ತೆ’ ಎಂದ. ಆಮೇಲೆ ಅತ್ತುಬಿಟ್ಟ, ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ. ರಜೆ ಸಿಗಲಿಲ್ಲವೆಂದು ಅವನ ಹೆಸರಿಗೆ ನೀನೇ ಒಂದು ಕಾರ್ಡು ಹಾಕು.