ಮೂರು ನಿಮಿಷದ ಭಾಷಣ

ತನ್ವಿ,

ನಿನ್ನ ವಿಳಾಸ ನನ್ನಲ್ಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ಇಲ್ಲಿ ಗಲ್ಫಿನ ಆಫೀಸಿನಲ್ಲಿ ಊಟಕ್ಕೆ ಕುಳಿತಾಗ ಊರಿನ ಪೊಲೀಸ್ ಠಾಣೆಯಿಂದ ಫೋನ್ ಬಂತು. "ಮಗಳಿಗೆ ಇಪ್ಪತ್ತಾಗಿದೆ ಸರ್. ಅವಳಾಗಿಯೇ ಹೋದದ್ದಂತೆ, ಬರ್ದು ಕೊಟ್ಟಿದ್ದಾಳೆ. ಇನ್ನು ನಾವು ಏನು ಮಾಡ್ಲಿಕ್ಕೂ ಆಗುದಿಲ್ಲ" ಎಂದ ಎಸ್‌ಐ, ನಿನ್ನ ಹೇಳಿಕೆಯ ಫೋಟೊ ಕಳಿಸಿದರು.

ಯೂನಿವರ್ಸಿಟಿಯಲ್ಲಿ ಗುಟ್ಟಾಗಿ ನಡೆಯುವ ಆ ಗುರುವಿನ ಕೂಟಕ್ಕೆ ಹೋಗುತ್ತಾ, ನಾಲ್ಕು ತಿಂಗಳು ನಮಗೆ "ಲ್ಯಾಬ್ ಉಂಟು ಪಪ್ಪಾ" ಎಂದವಳು ನೀನು. ಕೊನೆಗೆ ಹಾಸ್ಟೆಲನ್ನೂ ಬಿಟ್ಟು ಅವರ ಹಿಂದೆ ಹೋದೆ. ಹೇಳಿಕೆಯ ಕೆಳಗೆ ಅವರಿಟ್ಟ ಹೊಸ ಹೆಸರಿನ ಸಹಿ. ಮೇಲೆ ಮಾತ್ರ ನನ್ನದೇ ವಾಕ್ಯ: "ನನ್ನ ನಂಬಿಕೆ ನನ್ನ ಹಕ್ಕು. ಅದಕ್ಕೆ ಯಾರ ಅಪ್ಪಣೆಯೂ ಬೇಡ."

ನೆನಪಿದೆಯಾ? ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇಲ್ಲಿನ ಕನ್ನಡ ಸಂಘದ ಭಾಷಣ ಸ್ಪರ್ಧೆಗೆ, ಗುದೈಬಿಯಾದ ಇದೇ ಮನೆಯಲ್ಲಿ ಕುಳಿತು ನಾನು ಬರೆದುಕೊಟ್ಟದ್ದು. ವಿಷಯ, ಪ್ರಜೆಯ ಹಕ್ಕು ಮತ್ತು ಕರ್ತವ್ಯ. ನೀನು ಗೆದ್ದ ಕಪ್ ಇನ್ನೂ ಫ್ರಿಜ್ಜಿನ ಮೇಲಿದೆ.

ಸಲ್ಮಾನಿಯಾ ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದ ನಿನ್ನ ಅಮ್ಮ ಚಪ್ಪಲಿ ಬಿಚ್ಚುವ ಮೊದಲೇ ಕೇಳಿದಳು: "ನನ್ನ ಬಗ್ಗೆ ಏನಾದ್ರೂ ಬರ್ದಿದ್ದಾಳಾ?"

"ಉಂಟು" ಎಂದೆ. ಫೋಟೊ ತೋರಿಸಲಿಲ್ಲ.

ಆ ಭಾಷಣದಲ್ಲಿ ಕರ್ತವ್ಯದ ಬಗ್ಗೆಯೂ ಒಂದು ಪುಟವಿತ್ತು. ನೀನು ಅದನ್ನೂ ಬಾಯಿಪಾಠ ಮಾಡಿದ್ದೆ. ಮೂರು ನಿಮಿಷ ಮೀರಿದರೆ ಅಂಕ ಕಳೆಯುತ್ತಾರೆಂದು, ಹಿಂದಿನ ದಿನ ನಾನೇ ಆ ಪುಟಕ್ಕೆ ಅಡ್ಡಗೆರೆ ಎಳೆದೆ.

"ಇದು ಬೇಡವಾ ಪಪ್ಪಾ?" ಎಂದು ನೀನು ಕೇಳಿದ್ದೆ.

"ಕಪ್ ಬೇಕಲ್ಲ ಮಗಾ" ಎಂದಿದ್ದೆ.